ಇಂಗ್ಲಿಷ್ ಸಾಲುತ್ತಾ ಅಂತ ಕೇಳಿದ್ದಿರಿ

ನ್ಯೂಯಾರ್ಕ್‌ನಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ, ಅಂದ್ರೆ ಎಂಬಿಬಿಎಸ್ ಆದ ಮೇಲಿನ ತರಬೇತಿಯ ಸೀಟು ಮ್ಯಾಚ್ ಆಯ್ತು (ಹಂಚಿಕೆಯಲ್ಲಿ ಸಿಕ್ಕಿತು), ಜುಲೈ 1ಕ್ಕೆ ಸೇರಬೇಕು, ಮನೆ ಎಲ್ಲಿ ಮಾಡಲಿ, ಜೆ-1 ವೀಸಾ ತಗೊಳ್ಳಲಾ, ಡ್ಯೂಟಿ ಎಷ್ಟು ಕಷ್ಟ, ನನ್ನ ಇಂಗ್ಲಿಷ್ ಸಾಲುತ್ತಾ ಅಂತ ಕೇಳಿದ್ದೀರಿ. ಮೊದಲು ಅಭಿನಂದನೆ. ಸೋಮವಾರ ಮ್ಯಾಚ್ ಆಗಿದೆ ಅಂತ ತಿಳಿದು, ಎಲ್ಲಿ ಅಂತ ತಿಳಿಯಲು ಶುಕ್ರವಾರದವರೆಗೆ ಕಾಯೋದಿದೆಯಲ್ಲ, ಅದು ದಾಟಿದಿರಿ ಅಂದ್ರೆ ಮುಕ್ಕಾಲು ಪಾಲು ಮುಗೀತು. ನಾನು ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ ಇಲ್ಲಿಗೆ ಬಂದದ್ದು 2012ರ ಜೂನ್‌ನಲ್ಲಿ, ಕ್ವೀನ್ಸ್‌ನ ಒಂದು ಆಸ್ಪತ್ರೆಗೆ.

ಮನೆ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಮಾಡಿ. ಬಾಡಿಗೆ ಜಾಸ್ತಿ ಆದರೂ ಸರಿ. ಸಬ್‌ವೇ ರಾತ್ರಿಯೆಲ್ಲ ಓಡುತ್ತೆ, ನಿಜ, ಆದರೆ ನೈಟ್ ಡ್ಯೂಟಿ ಮುಗಿಸಿದವರಿಗೆ ನಿದ್ದೆಯಲ್ಲಿ ಸ್ಟಾಪು ದಾಟಿ ಹೋಗುತ್ತೆ.

ವೀಸಾ: ಕೆಲಸದ ವೀಸಾ ಎಚ್-1ಬಿಗೆ ಇಲ್ಲಿನ ಡಾಕ್ಟರ್ ಲೈಸೆನ್ಸ್ ಪರೀಕ್ಷೆಯ ಕೊನೆ ಹಂತ ಸ್ಟೆಪ್ 3 ಮೊದಲೇ ಪಾಸಾಗಿರಬೇಕು, ನಿಮ್ಮದು ಆಗಿಲ್ಲ ಅಂತೀರಿ, ಹಾಗಾಗಿ ಸದ್ಯಕ್ಕೆ ಜೆ-1, ತರಬೇತಿಗೆ ಬರುವವರ ವೀಸಾ. ಇದರಲ್ಲಿ ಟ್ರೈನಿಂಗ್ ಮುಗಿದ ಮೇಲೆ ಎರಡು ವರ್ಷ ಊರಿಗೆ ವಾಪಸ್ ಹೋಗಬೇಕು, ಇಲ್ಲವೇ ವೇವರ್, ಅಂದ್ರೆ ಆ ಷರತ್ತಿನಿಂದ ವಿನಾಯಿತಿ, ತಗೊಂಡು ಡಾಕ್ಟರ್ ಕಡಿಮೆ ಇರುವ ಜಾಗದಲ್ಲಿ ಮೂರು ವರ್ಷ ದುಡಿಯಬೇಕು. ಕಾನ್ರಾಡ್ 30 ಅಂತ, ರಾಜ್ಯಕ್ಕೆ ವರ್ಷಕ್ಕೆ 30 ಸೀಟು. ನಾನು ಪೆನ್ಸಿಲ್ವೇನಿಯಾದ ಪುಟ್ಟ ಊರೊಂದರಲ್ಲಿ ಆ ಮೂರು ವರ್ಷ ಕಳೆದೆ. ಹೋಗುವಾಗ ಅತ್ತಿದ್ದೆ, ಬಿಟ್ಟು ಬರುವಾಗಲೂ ಅತ್ತೆ.

ಡ್ಯೂಟಿ ವಾರಕ್ಕೆ ಹೆಚ್ಚೆಂದರೆ 80 ಗಂಟೆ, ನಾಲ್ಕು ವಾರದ ಸರಾಸರಿ ಲೆಕ್ಕದಲ್ಲಿ. 1984ರಲ್ಲಿ ಇದೇ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ 18 ವರ್ಷದ ಹುಡುಗಿ ತೀರಿಕೊಂಡಳು, ನಿದ್ದೆಗೆಟ್ಟ ರೆಸಿಡೆಂಟ್‌ಗಳ ಬಗ್ಗೆ ದೊಡ್ಡ ಗಲಾಟೆಯಾಗಿ ಮೊದಲು ಈ ರಾಜ್ಯ, ಆಮೇಲೆ 2003ರಲ್ಲಿ ಇಡೀ ದೇಶ ಈ ಮಿತಿ ಹಾಕಿತು. ನಮ್ಮ ಕಾಲದಲ್ಲಿ ಮೊದಲ ವರ್ಷದವರಿಗೆ, ಅಂದ್ರೆ ಇಂಟರ್ನ್‌ಗಳಿಗೆ ಒಂದೇ ಸಲಕ್ಕೆ 16 ಗಂಟೆ ಮೀರುವಂತಿರಲಿಲ್ಲ. 2017ರಿಂದ ಮತ್ತೆ 24 ಆಗಿದೆ. ನಮ್ಮ ಹೌಸ್‌ಸರ್ಜನ್ಸಿ ಕಂಡವರಿಗೆ ಇದೇನು ಹೆದರಿಕೆಯಲ್ಲ. ಸುಸ್ತು ಮಾಡೋದು ಕಂಪ್ಯೂಟರ್ ಮುಂದೆ ಕೂತು ನೋಟ್ ಬರೆಯೋದು. ಇನ್ನೊಂದು, ಇಲ್ಲಿ ಅಟೆಂಡಿಂಗ್ ಅಂದ್ರೆ ಯೂನಿಟ್ಟಿನ ದೊಡ್ಡ ಡಾಕ್ಟರ್. ಮೊದಲ ದಿನ ನಾನು ನಮ್ಮ ಕಡೆಯ ಅಟೆಂಡರ್ ಅಂದ್ಕೊಂಡು ಫೈಲ್ ತರೋಕೆ ಹೇಳುವವಳಿದ್ದೆ, ಸ್ವಲ್ಪದರಲ್ಲಿ ತಪ್ಪಿತು.

ಈಗ ಇಂಗ್ಲಿಷ್ ವಿಷಯ. ಧಾರಾಳವಾಗಿ ಸಾಲುತ್ತೆ. ನನ್ನನ್ನು ಬೀಳಿಸಿದ್ದು ಕನ್ನಡ.

ಬಂದ ವರ್ಷ ನವೆಂಬರ್‌ನಲ್ಲಿ ಸಾಗರದ ಕಡೆಯ ಒಬ್ಬ ಅಜ್ಜಿ ವಾರ್ಡಿಗೆ ಬಂದರು. ಮಗನ ಮನೆಗೆ ಅಂತ ಬಂದವರು. ನೋವಿಲ್ಲ, ಕಣ್ಣು ಮಾತ್ರ ಅರಿಶಿನದಂತೆ ಹಳದಿ. ನೋವಿಲ್ಲದ ಕಾಮಾಲೆ ಅಂದ್ರೆ ನಮ್ಮ ಎದೆ ಯಾಕೆ ಧಸಕ್ಕೆನ್ನುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಪ್ಯಾಂಕ್ರಿಯಾಸ್ ಗಡ್ಡೆ, ಲಿವರ್‌ಗೂ ಹರಡಿತ್ತು, ಬಯಾಪ್ಸಿಯೂ ಅದನ್ನೇ ಹೇಳಿತು. ಅಜ್ಜಿಗೆ ಹೇಳಬೇಕು, ಇಂಟರ್‌ಪ್ರಿಟರ್ ಫೋನ್ ತನ್ನಿ ಅಂದರು ಅಟೆಂಡಿಂಗ್. ದುಭಾಷಿಯ ಮೂಲಕ ಮಾತಾಡೋಕೆ ಎರಡು ರಿಸೀವರ್ ಇರುವ ಫೋನ್ ಅದು, ಒಂದು ರೋಗಿಗೆ, ಒಂದು ನಮಗೆ. ಕನ್ನಡದವರು ಲೈನಿಗೆ ಬರೋಕೆ ಹೊತ್ತಾಗುತ್ತೆ ಅಂದರು. ನನಗೇ ಬರುತ್ತಲ್ಲ ಅಂದೆ, ಹೆಮ್ಮೆಯಿಂದ. ಐದು ತಿಂಗಳಿಂದ ವಾರ್ಡಿನಲ್ಲಿ ಒಂದು ಕನ್ನಡದ ಮಾತು ಕೇಳಿರಲಿಲ್ಲ.

ಬಾಗಿಲಲ್ಲಿ ಮಗ ಕೈಮುಗಿದ. "ಅಮ್ಮಂಗೆ ಹೇಳ್ಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ." ನಮ್ಮಲ್ಲಿ ಹಾಗೇ ಅಲ್ವಾ? ರೋಗಿ ಮುಂದೆ ಕ್ಯಾನ್ಸರ್ ಅನ್ನದೆ ಮೈಟಾಟಿಕ್ ಲೀಷನ್ ಅಂತ ಪಿಸುಗುಟ್ಟಿ, ಮಗನನ್ನೋ ಅಳಿಯನನ್ನೋ ಕಾರಿಡಾರಿಗೆ ಕರೆದು ಹೇಳ್ತೀವಿ. ಅಟೆಂಡಿಂಗ್ ಹಾಸಿಗೆ ಅಂಚಿಗೆ ಕುರ್ಚಿ ಎಳೆದು ಕೂತು, ಅಜ್ಜಿಯ ಮುಖ ನೋಡುತ್ತಾ, ಇದು ಕ್ಯಾನ್ಸರ್, ಹರಡಿದೆ, ಗುಣ ಆಗುವಂಥದ್ದಲ್ಲ ಅಂತ ಇಂಗ್ಲಿಷ್‌ನಲ್ಲಿ ಮೆಲ್ಲಗೆ ಹೇಳಿದರು. ನಾನು ಕನ್ನಡದಲ್ಲಿ ಹೇಳಿದ್ದು ಇಷ್ಟು: "ಪಿತ್ತ ಹೋಗೋ ದಾರೀಲಿ ಒಂದು ಗಂಟಿದೆ ಅಜ್ಜಿ, ನಳಿಗೆ ಹಾಕಿದ್ರೆ ಹಳದಿ ಇಳಿಯುತ್ತೆ." ಅಜ್ಜಿ ನಕ್ಕು ನನ್ನ ಕೈ ಸವರಿದರು. ಎಷ್ಟು ಧೈರ್ಯವಂತೆ ಅಂದರು ಅಟೆಂಡಿಂಗ್.

ಸ್ಟೆಂಟ್ ಹಾಕಿದರು, ಹಳದಿ ಇಳಿಯಿತು. ಡಿಸೆಂಬರ್‌ಗೆ ಅಜ್ಜಿಯ ವಾಪಸ್ ಟಿಕೆಟ್ ಇತ್ತು, ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ತೋಟದಲ್ಲಿರಬೇಕು ಅಂತ. ಹೇಗೂ ವಾಸಿಯಾಯ್ತಲ್ಲ, ಮೊಮ್ಮಗಳ ಜೊತೆ ಯುಗಾದಿವರೆಗೆ ಇದ್ದು ಹೋದರಾಯ್ತು ಅಂತ ಮುಂದಕ್ಕೆ ಹಾಕಿಸಿದರು. ಜನವರಿ ಕೊನೆಯಲ್ಲಿ ಮತ್ತೆ ನಮ್ಮ ವಾರ್ಡಿಗೇ ಬಂದಾಗ ಹೊಟ್ಟೆ ತುಂಬ ನೀರು, ವಿಮಾನ ಹತ್ತುವ ಸ್ಥಿತಿ ಅಲ್ಲ. ಯಾರೋ ಹೇಳಿದ್ದರು, ಅಥವಾ ಅವರಿಗೇ ಗೊತ್ತಾಗಿತ್ತು. "ನೀನು ಕನ್ನಡದಲ್ಲಿ ಹೇಳಿದ್ದಕ್ಕೆ ನಂಬಿದೆ ಕಣೇ. ಗೊತ್ತಿದ್ರೆ ಒಂದ್ಸಲ ತೋಟ ನೋಡ್ಕೊಂಡು ಮಲಗ್ತಿದ್ದೆ" ಅಂದರು. ಸಿಟ್ಟಿರಲಿಲ್ಲ. ಫೆಬ್ರವರಿಯಲ್ಲಿ ಹೋದರು. ಅಟೆಂಡಿಂಗ್‌ಗೆ ಇವತ್ತಿಗೂ ಗೊತ್ತಿಲ್ಲ, ಅವರಿಗೆ ಕನ್ನಡ ಬರಲ್ಲ, ನಾನು ಹೇಳಲಿಲ್ಲ.

ಕ್ಯಾನ್ಸರ್ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಬೇಕಿತ್ತು ಅಂತಲ್ಲ. "ಎಲ್ಲ ನಿಮಗೇ ಹೇಳಲಾ, ಮಗನಿಗೆ ಹೇಳಿದ್ರೆ ಸಾಕಾ?" ಅಂತ ಒಂದು ಮಾತು ಅಜ್ಜಿಯನ್ನೇ ಕೇಳಬಹುದಿತ್ತು. ನೀವು ಮೊದಲ ವಾರದಲ್ಲೇ ಆ ಫೋನ್ ಎಲ್ಲಿದೆ ನೋಡಿಟ್ಟುಕೊಳ್ಳಿ. ಇಂಟರ್‌ಪ್ರಿಟರ್‌ಗೆ ರೋಗಿ ದುಡ್ಡು ಕೊಡಬೇಕಿಲ್ಲ, ಅದು ಆಸ್ಪತ್ರೆಯ ಹೊಣೆ. ನಮ್ಮವರು ಸಿಕ್ಕಾಗ ಊರು ಕೇರಿ ಮಾತಾಡಿ, ಆದರೆ ದೊಡ್ಡ ಸುದ್ದಿ ಹೇಳುವಾಗ ಇಂಟರ್‌ಪ್ರಿಟರ್‌ಗೆ ಕಾಯಿರಿ, ಎಷ್ಟು ಹೊತ್ತಾದರೂ. ನೀವು ಪಕ್ಕದಲ್ಲಿದ್ದರೆ ಸಾಕು.

ಫ್ಲಶಿಂಗ್‌ನ ಗಣೇಶ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ಚೆನ್ನಾಗಿರುತ್ತೆ, ಯಾವಾಗಲಾದರೂ ಅಲ್ಲೇ ಸಿಗೋಣ. ಬಂದಿಳಿದ ಮೇಲೆ ಫೋನ್ ಮಾಡಿ, ರಾತ್ರಿ ಎಂಟರ ಮೇಲೆ. ಮಗಳು ಎತ್ತಿದರೆ ಇಂಗ್ಲಿಷಲ್ಲೇ ಹೇಳಿ, ಅವಳಿಗೆ ಕನ್ನಡ ಅಷ್ಟಾಗಿ ಬರಲ್ಲ.