ವರದಿ ಬರೆಯಲಾಗದ ಅಯ್ಯನವರು

(ಗುರುತು ಸಿಗಬಾರದು ಅಂತ ವಯಸ್ಸು, ಊರು, ಮನೆಯ ವಿವರ ಬದಲಿಸಿದ್ದೇನೆ. ಯಾವ ಸಭೆಯವರು, ಅಂದರೆ ಯಾವ ಚರ್ಚಿನವರು ಅಂತಲೂ ಹೇಳುವುದಿಲ್ಲ. ಬರೆಯಲು ಅವರ ಒಪ್ಪಿಗೆ ಇದೆ.)

"ವರದಿ ಬರೆಯೋಕೆ ಆಗ್ತಿಲ್ಲ." ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದವರು ಹೇಳಿಕೊಂಡ ತೊಂದರೆ ಇಷ್ಟೇ.

ಐವತ್ತು ದಾಟಿದ ಸಭಾಪಾಲಕರು, ಅಂದರೆ ಚರ್ಚಿನ ಪಾದ್ರಿ. ಇಲ್ಲಿ ಅವರನ್ನು ಅಯ್ಯನವರು ಅಂತಲೇ ಕರೆಯುತ್ತೇನೆ, ಅವರ ಜನ ಕರೆಯುವುದೂ ಹಾಗೆಯೇ. ಹಿಂದಿನ ವರ್ಷ ಕೊಡಗಿನ ಸಭೆಗಳೆಲ್ಲ ಸೇರಿದ ವಲಯ ಮಂಡಳಿಗೆ ಅಧ್ಯಕ್ಷರಾದರು. ವರ್ಷ ತುಂಬಿತು. ಮೊದಲ ವರ್ಷ ಹೇಗಾಯಿತು ಅಂತ ಮಂಡಳಿಯ ಮುಂದೆ ವರದಿ ಓದಬೇಕು. ಇಪ್ಪತ್ತು ವರ್ಷ ಪ್ರತಿ ಭಾನುವಾರ ಪ್ರಸಂಗ ಮಾಡಿದವರಿಗೆ ನಾಲ್ಕು ಪುಟ ಬರೆಯಲು ಆಗುತ್ತಿಲ್ಲ.

ಬರೆದಷ್ಟನ್ನು ಜೇಬಲ್ಲಿ ಮಡಚಿ ತಂದಿದ್ದರು. ಮೊದಲ ಪುಟ ಚೆನ್ನಾಗಿಯೇ ಇತ್ತು. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟು, 1792ರಲ್ಲಿ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ಚರ್ಚ್ ಶುರುವಾದದ್ದು. ಮಂಗಳೂರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತೆಗೆದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದದ್ದು. ಮಡಿಕೇರಿ ಕೋಟೆಯೊಳಗಿನ ಇಂಗ್ಲಿಷರ ಚರ್ಚು ಈಗ ಮ್ಯೂಸಿಯಂ ಆಗಿರುವುದು. ಎಲ್ಲ ಇತ್ತು. ಎರಡನೇ ಪುಟದ ಮೇಲೆ "ಈ ವರ್ಷ ನಾನು" ಅಂತ ಬರೆದಿದ್ದರು. ಅಲ್ಲಿಗೆ ನಿಂತಿತ್ತು.

ಇನ್ನೂರು ವರ್ಷದ ಕಥೆ ಸರಾಗವಾಗಿ ಬಂದು ತಮ್ಮ ಒಂದು ವರ್ಷಕ್ಕೆ ಕೈ ನಿಲ್ಲುತ್ತದೆ ಅಂದರೆ ತೊಂದರೆ ಬರವಣಿಗೆಯದ್ದಲ್ಲ, ಅಲ್ವಾ?

ನನ್ನನ್ನು ಯಾಕೆ ಆರಿಸಿಕೊಂಡಿರಿ ಅಂತ ಕೇಳಿದೆ. "ನೀವು ನಮ್ಮ ಸಭೆಯವರಲ್ಲ, ಅದಕ್ಕೆ" ಅಂದರು. ಮಡಿಕೇರಿ ಸಣ್ಣ ಊರು. ಬೆಳಿಗ್ಗೆ ಯಾರ ಗಾಡಿ ಯಾರ ಗೇಟಿನ ಮುಂದೆ ನಿಂತಿತ್ತು ಅನ್ನೋದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಹಾಗಾಗಿ ನಾವು ಭೇಟಿಯಾದದ್ದು ಕುಶಾಲನಗರದಲ್ಲಿ. ಈ ಜಾಗ್ರತೆಯನ್ನು ನಾನು ತಪ್ಪು ಅನ್ನುವುದಿಲ್ಲ. ಬೇರೆಯವರಿಗೆ ಸಮಾಧಾನ ಹೇಳುವವರು ತಾವೇ ಸಮಾಧಾನ ಕೇಳಲು ಹೋಗುವುದು ನಮ್ಮಲ್ಲಿ ಇನ್ನೂ ಸುದ್ದಿಯೇ. ಪಾದ್ರಿಗಳಿರಲಿ, ಸ್ವಾಮೀಜಿಗಳಿರಲಿ, ಡಾಕ್ಟರಿರಲಿ.

ಮೊದಲು ಮಾಮೂಲಿ ಪ್ರಶ್ನೆಗಳು. ನಿದ್ದೆ? ರಾತ್ರಿ ಮೂರಕ್ಕೆ ಎಚ್ಚರ, ಆಮೇಲೆ ಇಲ್ಲ. ಊಟ? ಹೋದಲ್ಲೆಲ್ಲ ಬಡಿಸುತ್ತಾರೆ, ರುಚಿ ಗೊತ್ತಾಗುತ್ತಿಲ್ಲ. ಕಳೆದ ಎರಡು ವಾರದ ಬಗ್ಗೆ ಕೇಳುವ ಒಂಬತ್ತು ಪ್ರಶ್ನೆಗಳ, ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಅಂತ ಒಂದು ಪಟ್ಟಿ ಇದೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸುಮ್ನೆ ಬಿಡಬಾರದು. ಅವರಿಗೆ 12 ಬಂತು. ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿಯೇ ಕೇಳಿದೆ. ಇದನ್ನು ಸುತ್ತಿ ಬಳಸಿ ಕೇಳಬಾರದು, ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನೋದು ಸುಳ್ಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಯೋದಲ್ಲ. ಸಂಪಾಜೆ ಘಾಟಿಯಲ್ಲಿ ಒಂದು ದಿನ ಮಂಜಿತ್ತು. ಗಾಡಿ ಕೆಟ್ಟು ನಿಂತರೆ ಸಾಕಿತ್ತು, ಮೀಟಿಂಗ್ ತಪ್ಪುತ್ತಿತ್ತು ಅನ್ನಿಸಿತು" ಅಂದರು.

ಡಾಕ್ಟರ ಹತ್ತಿರ ಕಳಿಸಿದೆ. ಬಿಪಿ ಜಾಸ್ತಿ ಇತ್ತು, ವಿಟಮಿನ್ ಬಿ12 ಕಡಿಮೆ ಇತ್ತು. ಎರಡಕ್ಕೂ ಮಾತ್ರೆ ಕೊಟ್ಟರು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ದೇವರ ಕೆಲಸದಲ್ಲಿ ಇರುವವರು ಮೈಯ ತೊಂದರೆಯನ್ನೂ ಆತ್ಮದ ತೊಂದರೆ ಅಂತಲೇ ಲೆಕ್ಕ ಹಾಕುತ್ತಾರೆ. ಇವರೂ ಅಷ್ಟೇ. "ಪ್ರಾರ್ಥನೆಗೆ ಮೊಣಕಾಲೂರಿದರೆ ಅಜೆಂಡಾ ನೆನಪಾಗುತ್ತೆ. ನನ್ನ ವಿಶ್ವಾಸ ಹೋಗಿದೆ ಮೇಡಂ" ಅಂತ ತೀರ್ಪು ಕೊಟ್ಟುಕೊಂಡೇ ಬಂದಿದ್ದರು. ಮೂರು ಗಂಟೆಗೆ ಎದ್ದು ಕೂರುವ ಮನುಷ್ಯನಿಗೆ ಪ್ರಾರ್ಥನೆ ಮಾತ್ರವಲ್ಲ, ಪೇಪರ್ ಓದುವುದೂ ಆಗುವುದಿಲ್ಲ. ಆ ಪ್ರಶ್ನೆಯನ್ನು ಸರಿಯಾಗಿ ನಿದ್ದೆ ಬಂದ ಮೇಲೆ ನೋಡೋಣ ಅಂತ ಪಕ್ಕಕ್ಕಿಟ್ಟೆವು.

ಇನ್ನು ಆ ವರ್ಷದ ಕಥೆ.

ಕೊಡಗು ಸಣ್ಣ ಜಿಲ್ಲೆ, ಆದರೆ ರೈಲಿಲ್ಲ, ಇರುವುದು ತಿರುವು ರಸ್ತೆ. ಒಂದು ಭಾನುವಾರ ಪೇಟೆಯ ಕನ್ನಡ ಸಭೆ, ಮುಂದಿನ ಭಾನುವಾರ ಎಸ್ಟೇಟಿನ ಲೈನ್ ಮನೆಗಳಲ್ಲಿರುವ ಕೆಲಸದ ಜನ, ಅರ್ಧ ತಮಿಳು ಅರ್ಧ ಮಲಯಾಳಂ. ಸಿದ್ದಾಪುರದ ಕಡೆ ಸಂಜೆ ಕೂಟ ಇದ್ದರೆ ಕತ್ತಲಾಗುವ ಮುಂಚೆ ಮುಗಿಸಬೇಕು, ಆನೆ ಬರುತ್ತದೆ. ಮಳೆಗಾಲದಲ್ಲಿ ಗುಡ್ಡದ ಭಯ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ ಜೋರು ಮಳೆ ಬಂದರೆ ಇಲ್ಲಿ ಯಾರೂ ಸರಿಯಾಗಿ ಮಲಗುವುದಿಲ್ಲ, ಇವರಿಗೆ ರಾತ್ರಿಯೆಲ್ಲ ಫೋನು. ಇದೆಲ್ಲ ಕಷ್ಟ ಹೌದು. ಆದರೆ ಇದನ್ನು ಹೇಳುವಾಗ ಅವರ ದನಿ ಕುಗ್ಗಲಿಲ್ಲ, ಉತ್ಸಾಹವೇ ಇತ್ತು.

ದನಿ ಕುಗ್ಗಿದ್ದು ಬೇರೆ ಕಡೆ.

"ಮೊದಲು ಯಾರ ಮನೆಗೆ ಹೋದರೂ ಸೀದಾ ಅಡುಗೆಮನೆಗೆ ಕರೀತಿದ್ದರು. ಅಲ್ಲೇ ಮಣೆ ಹಾಕಿ ಅಕ್ಕಿ ರೊಟ್ಟಿ ಕೊಡ್ತಿದ್ದರು. ರೊಟ್ಟಿ ತಟ್ಟುತ್ತಾ ಮಗ ಕುಡಿಯುವುದು, ಸಾಲ, ಎಲ್ಲ ಹೇಳೋರು. ಈಗ ವರಾಂಡದಲ್ಲಿ ಕುರ್ಚಿ ಒರೆಸಿ ಕೂರಿಸ್ತಾರೆ. ಶಾಲು ಹೊದಿಸ್ತಾರೆ. ಯಾರೂ ಏನೂ ಹೇಳಲ್ಲ." ಮನೆಯ ಬೀರುವಿನಲ್ಲಿ ಒಂದು ಖಾನೆ ಪೂರ್ತಿ ಶಾಲುಗಳೇ ಅಂತೆ. ಅವರ ಹೆಂಡತಿ ಮುಂದಿನ ಸಲ ಜೊತೆಗೆ ಬಂದಾಗ ಇದಕ್ಕೆ ಇನ್ನೊಂದು ಸೇರಿಸಿದರು: "ಮನೇಲಿ ಇವರ ಬಾಯಲ್ಲಿ ಕೇಳೋದು ಊಟಕ್ಕೆ ಮುಂಚಿನ ಪ್ರಾರ್ಥನೆ ಒಂದೇ."

ಎರಡನೆಯದು ಅದಕ್ಕಿಂತ ಆಳದ್ದು. ಅವರಿಗೊಬ್ಬ ಗೆಳೆಯ, ವಯಸ್ಸಿನಲ್ಲಿ ಚಿಕ್ಕವರು, ಅವರೂ ಸಭಾಪಾಲಕರು. ಹತ್ತಾರು ವರ್ಷದ ಸಲಿಗೆ, ಹೋಗೋ ಬಾರೋ ಅನ್ನುವಷ್ಟು. ಮೇ ತಿಂಗಳ ವರ್ಗಾವಣೆ ಪಟ್ಟಿಯಲ್ಲಿ ಆ ಗೆಳೆಯನ ಹೆಸರು ಬಂತು. ಮಗಳು ಎಸ್‌ಎಸ್‌ಎಲ್‌ಸಿಗೆ ಕಾಲಿಡುವ ವರ್ಷ. ಪಟ್ಟಿ ಮಾಡಿದ ಸಮಿತಿಯಲ್ಲಿ ಅಯ್ಯನವರೂ ಇದ್ದರು. ಒಂದು ವರ್ಷ ತಡೆಯೋಣ ಅಂತ ಹೇಳಿಯೂ ನೋಡಿದರು, ನಡೆಯಲಿಲ್ಲ. ತೀರ್ಮಾನ ಆದ ಮೇಲೆ ಅದು ಸಮಿತಿಯ ತೀರ್ಮಾನ, ಒಳಗೆ ಯಾರು ಏನು ಹೇಳಿದರು ಅಂತ ಹೊರಗೆ ಹೇಳುವಂತಿಲ್ಲ. "ನಾನು ಬೇಡ ಅಂದಿದ್ದೆ ಅಂತಲೂ ಅವನಿಗೆ ಹೇಳೋ ಹಾಗಿಲ್ಲ" ಅಂತ ಕನ್ನಡಕ ತೆಗೆದು ಒರೆಸಿದರು. ಅಂದಿನಿಂದ ಗೆಳೆಯನ ಫೋನಿಲ್ಲ. ಕ್ರಿಸ್ಮಸ್‌ಗೆ ಒಂದು ವಾಟ್ಸಾಪ್ ಬಂತು. "ಮಾನ್ಯ ಅಧ್ಯಕ್ಷರಿಗೆ" ಅಂತ.

ಬರ್ನ್‌ಔಟ್ ಅನ್ನೋ ಮಾತು ಈಗ ಎಲ್ಲರ ಬಾಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಗುರುತಿಸಿತು, ಕಾಯಿಲೆ ಅಂತಲ್ಲ. ದಣಿವು, ಕೆಲಸದ ಮೇಲೆ ಜಿಗುಪ್ಸೆ, ನನ್ನಿಂದ ಏನೂ ಆಗುತ್ತಿಲ್ಲ ಅನ್ನುವ ಭಾವ, ಈ ಮೂರು ಅದರ ಗುರುತು. ಇವರಲ್ಲಿ ಮೊದಲನೆಯದೂ ಕೊನೆಯದೂ ಇತ್ತು. ಜಿಗುಪ್ಸೆ ಇರಲಿಲ್ಲ. ಅದರ ಜಾಗದಲ್ಲಿ ಇದ್ದದ್ದು ದುಃಖ. ಸಭೆ ಬಿಟ್ಟು ಬಂದ ದುಃಖ, ಗೆಳೆಯನ ದುಃಖ. ಬಡ್ತಿ ಸಿಕ್ಕವರಿಗೆ ದುಃಖಪಡುವ ಅವಕಾಶ ಯಾರೂ ಕೊಡುವುದಿಲ್ಲ. ಅಭಿನಂದನೆ ಹೇಳಿ, ಹಾರ ಹಾಕಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಶಾಲೆಯ ಹೆಡ್‌ಮಾಸ್ಟರಾದ ಮೇಷ್ಟ್ರುಗಳಲ್ಲೂ, ಮೇಲ್ವಿಚಾರಕಿಯಾದ ನರ್ಸುಗಳಲ್ಲೂ ನಾನು ಇದನ್ನೇ ಕಂಡಿದ್ದೇನೆ. ಪ್ರೀತಿಯ ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಆ ಕೆಲಸವನ್ನೇ ಕಿತ್ತುಕೊಂಡಿರುತ್ತಾರೆ.

"ನಿಮ್ಮ ಪಾಲಕರು ಯಾರು?" ಅಂತ ಕೇಳಿದೆ.

"ಬಿಷಪ್ ಇದ್ದಾರೆ."

"ನಿಮ್ಮ ಮುಂದಿನ ವರ್ಗಾವಣೆಗೆ ಸಹಿ ಮಾಡೋದೂ ಅವರೇ ಅಲ್ವಾ?"

ನಕ್ಕರು. ಆವತ್ತಿನ ಮೊದಲ ನಗು.

ಬಿಷಪ್ ಒಳ್ಳೆಯವರೇ ಇರಬಹುದು. ಆದರೆ ನಿಮ್ಮ ಹುದ್ದೆ ಯಾರ ಕೈಯಲ್ಲಿದೆಯೋ ಅವರ ಮುಂದೆ ಪೂರ್ತಿ ಬಿಚ್ಚಿಕೊಳ್ಳಲು ಆಗುವುದಿಲ್ಲ. ನಾನು ಕೊಟ್ಟ ಮೊದಲ ಸಲಹೆ ಇದು: ನಿಮ್ಮ ಮೇಲೆ ಅಧಿಕಾರ ಇಲ್ಲದ, ನಿಮ್ಮ ಅಧಿಕಾರವೂ ತಟ್ಟದ ಒಬ್ಬರನ್ನು ಹುಡುಕಿ. ತಿಂಗಳಿಗೊಂದು ಸಲ ಅವರ ಜೊತೆ ಕೂತು ಮಾತಾಡಿ. ಅವರು ಆರಿಸಿದ್ದು ಬೇರೆ ಸಭೆಯ ನಿವೃತ್ತ ಪಾದ್ರಿಯೊಬ್ಬರನ್ನು. ಅದರ ಜೊತೆಗೆ, ತಿಂಗಳಲ್ಲಿ ಒಂದು ಭಾನುವಾರ ಎಲ್ಲೂ ಪ್ರಸಂಗ ಮಾಡಬೇಡಿ, ಹಿಂದಿನ ಬೆಂಚಿನಲ್ಲಿ ಹೆಂಡತಿ ಪಕ್ಕ ಕೂತುಕೊಳ್ಳಿ ಅಂದೆ. ಕರ್ತನ ಭೋಜನವನ್ನು, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ-ದ್ರಾಕ್ಷಾರಸವನ್ನು, ತಾನು ಕೊಡದೆ ಬರೀ ತೆಗೆದುಕೊಂಡು ಎಷ್ಟು ದಿನವಾಯಿತು ಅಂತ ಅವರಿಗೇ ನೆನಪಿರಲಿಲ್ಲ.

ಫೋನಿನ ವಿಷಯಕ್ಕೆ ಬಂದೆವು. ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಥರ: ಕಾರ್ಯದರ್ಶಿ ಮೇಲೆ ಖಜಾಂಚಿಯ ದೂರು, ಖಜಾಂಚಿ ಮೇಲೆ ಸ್ತ್ರೀ ಸಂಘದ ದೂರು. ಇಬ್ಬರ ಜಗಳದಲ್ಲಿ ಮೂರನೆಯವರನ್ನು ಎಳೆದುಕೊಂಡರೆ ಆ ಇಬ್ಬರಿಗೂ ಹಗುರಾಗುತ್ತದೆ, ಭಾರವೆಲ್ಲ ಮೂರನೆಯವರ ತಲೆಗೆ. ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಕುಟುಂಬಗಳಲ್ಲಿ ಇದನ್ನು ಗುರುತಿಸಿ ತ್ರಿಕೋನ ಅಂತ ಕರೆದರು. ಸಭೆ, ಸಂಘ, ಸೊಸೈಟಿ ಎಲ್ಲ ಕಡೆಯೂ ಇದೇ ನಡೆಯುತ್ತದೆ. ದೂರು ಬಂದಾಗ ಹೇಳಲು ಒಂದೇ ವಾಕ್ಯ ಕೊಟ್ಟೆ: "ಅವರ ಹತ್ತಿರ ಮಾತಾಡಿದ್ರಾ? ಮಾತಾಡಿ, ಆಗಲಿಲ್ಲ ಅಂದರೆ ಇಬ್ಬರೂ ಸೇರಿ ಬನ್ನಿ." ಕರೆಗೆ ಸಂಜೆ ಒಂದು ಗಂಟೆ ಮೀಸಲು. ಸಾವು, ಆಸ್ಪತ್ರೆ, ಗುಡ್ಡ ಜರಿಯುವುದು, ಈ ಮೂರಕ್ಕೆ ಮಾತ್ರ ಹೊತ್ತುಗೊತ್ತಿಲ್ಲ.

"ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯ" ಅಂದರು ತಟ್ಟನೆ. ಬೈಬಲ್ಲಿನ ಆ ಭಾಗ ನನಗೆ ಗೊತ್ತಿರಲಿಲ್ಲ, ಅವರೇ ವಿವರಿಸಿದರು. ಮೊದಲ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ಗಲಾಟೆ ಎದ್ದಿತು. ಹನ್ನೆರಡು ಅಪೊಸ್ತಲರು ತಾವೇ ಬಡಿಸಲು ಹೋಗದೆ ಏಳು ಜನರನ್ನು ಆ ಕೆಲಸಕ್ಕೆ ನೇಮಿಸಿದರು. ಇದರ ಮೇಲೆ ಎಷ್ಟೋ ಸಲ ಪ್ರಸಂಗ ಮಾಡಿದ್ದಾರಂತೆ. "ಹಾಗಾದರೆ ನಿಮ್ಮ ಏಳು ಜನ ಯಾರು?" ಅಂದೆ. ಬೆರಳು ಮಡಚತೊಡಗಿದರು. ಮೂರಕ್ಕೆ ನಿಂತರು. ಆ ಮೂವರಿಗೂ ಯಾವ ಕೆಲಸವನ್ನೂ ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಸ್ಮಶಾನದ ಕಾಂಪೌಂಡ್ ತಕರಾರಿನ ಫೈಲನ್ನು ಸರ್ವೆ ಕಚೇರಿಗೆ ತಾವೇ ಹೊತ್ತುಕೊಂಡು ಅಲೆಯುತ್ತಿದ್ದರು, ಮಂಡಳಿಯಲ್ಲೇ ಒಬ್ಬರು ನಿವೃತ್ತ ಕಂದಾಯ ನೌಕರರು ಇದ್ದರೂ! ಆ ಫೈಲು ಈಗ ಆ ನಿವೃತ್ತರ ಕೈಯಲ್ಲಿದೆ. ಅವರಿಗೂ ಖುಷಿ.

ಗೆಳೆಯನ ವಿಷಯದಲ್ಲಿ ಸುಲಭದ ದಾರಿ ಇರಲಿಲ್ಲ. ಒಂದು ಉದ್ದ ಪತ್ರ ಬರೆದು ಎಲ್ಲ ವಿವರಿಸುತ್ತೇನೆ ಅಂದರು. ಬೇಡ ಅಂದೆ. ವಿವರಿಸಲು ಹೊರಟರೆ ಸಮಿತಿಯ ಗುಟ್ಟು ಒಡೆಯಬೇಕು, ಇಲ್ಲವೇ ಅರ್ಧ ಸತ್ಯ ಹೇಳಬೇಕು. ಕ್ಷಮೆ ಕೇಳಿದರೆ ಅವರು ಬೇಡ ಅಂದ ತೀರ್ಮಾನಕ್ಕೆ ಅವರೇ ಕ್ಷಮೆ ಕೇಳಿದಂತೆ. ಸುಮ್ನೆ ಹೋಗಿ, ಮಂಡಳಿಯ ಗಾಡಿ ಬೇಡ, ಬಸ್ಸಿನಲ್ಲಿ ಹೋಗಿ ಅಂದೆ. ಮಗಳ ಪರೀಕ್ಷೆ ಬಗ್ಗೆ ಕೇಳಿ. ಬೈದರೆ ಬೈಸಿಕೊಳ್ಳಿ. "ನಿನಗೆ ಕಷ್ಟ ಆಯ್ತು, ನನಗೆ ಗೊತ್ತು" ಅಂತ ಒಂದೇ ಮಾತು ಹೇಳಿ ಬನ್ನಿ.

ಹೋದರು. ಗೆಳೆಯ ಹೆಚ್ಚು ಮಾತಾಡಲಿಲ್ಲ. ಗೆಳೆಯನ ಹೆಂಡತಿ ಕಾಫಿ ಕೊಟ್ಟರು. ಮಗಳು ಹಳೇ ಊರಲ್ಲೇ ಅಜ್ಜಿ ಮನೆಯಲ್ಲಿದ್ದು ಓದುತ್ತಿದ್ದಾಳೆ ಅಂತ ಗೊತ್ತಾಯಿತು, ಗಣಿತ ಕಷ್ಟ ಅಂತೆ. ಅಯ್ಯನವರ ಹೆಂಡತಿ ಹೈಸ್ಕೂಲಲ್ಲಿ ಗಣಿತ ಹೇಳುತ್ತಾರೆ. ಶನಿವಾರ ಮನೆಗೆ ಕಳಿಸಿ ಅಂತ ಹೇಳಿ ಬಂದರು. ಮೊದಲ ಎರಡು ಶನಿವಾರ ಹುಡುಗಿ ಬರಲಿಲ್ಲ, ಆಮೇಲೆ ಬಂದಳು. ಗೆಳೆಯನ ಫೋನು ಇನ್ನೂ ಬಂದಿಲ್ಲ. ಈ ಗೆಳೆತನ ಮೊದಲಿನ ಹಾಗೆ ಆಗುತ್ತದೆ ಅಂತ ನಾನು ಅವರಿಗೆ ಮಾತು ಕೊಟ್ಟಿಲ್ಲ. ಕುರ್ಚಿ ಬಿಟ್ಟ ಮೇಲೆ ಆಗಬಹುದು, ಆಗದೆಯೂ ಇರಬಹುದು.

ಇಷ್ಟೆಲ್ಲ ಆಗುವಾಗ ವರದಿ ಬಾಕಿಯೇ ಇತ್ತು. ಯಾರ ಮುಂದೆಯೂ ಓದಬೇಕಿಲ್ಲದ ವರದಿಯೊಂದನ್ನು ಮೊದಲು ಬರೆಯಿರಿ ಅಂದೆ. ದೀಕ್ಷಾಸ್ನಾನ ಎಷ್ಟು, ಮದುವೆ ಎಷ್ಟು, ಕಾಣಿಕೆ ಎಷ್ಟು ಅನ್ನುವ ಕಾಲಂ ಯಾವುದೂ ಬೇಡ. ಬರೆದು ತಂದರು. ಅದರಲ್ಲಿ ಪೊಲ್ಲಿಬೆಟ್ಟದ ಕಡೆಯ ಒಂದು ಲೈನ್ ಮನೆಯ ಅಜ್ಜಿ ಇದ್ದಳು. ಜುಲೈ ಮಳೆಗೆ ಅವಳ ಮಾಡಿನ ಶೀಟು ಹಾರಿತ್ತು. ಇವರು ಮೂರು ಫೋನು ಮಾಡಿದ್ದರು. ಒಂದು ಸಭೆಯ ಸ್ತ್ರೀ ಸಂಘ ಟಾರ್ಪಾಲು ಕೊಟ್ಟಿತು, ಇನ್ನೊಂದು ಸಭೆಯ ಯುವಕರು ಮರುದಿನ ಶೀಟು ಹೊದಿಸಿದರು. ಆ ಎರಡು ಸಭೆಗಳಿಗೆ ಹಾಡಿನ ಪುಸ್ತಕದ ವಿಷಯಕ್ಕೆ ಮುನಿಸಿತ್ತು. "ನಾನು ಏನೂ ಮಾಡಲಿಲ್ಲ, ಹೋಗಲೂ ಇಲ್ಲ" ಅಂತ ಕೊನೆಗೆ ಬರೆದಿದ್ದರು.

ಆ ಸಾಲಿನ ಕೆಳಗೆ ಗೆರೆ ಎಳೆದು ವಾಪಸ್ ಕೊಟ್ಟೆ. ಎರಡು ಸಭೆಗೂ ಬೇಕಾದವರು, ಎರಡಕ್ಕೂ ಸೇರದವರು ಮಾತ್ರ ಮಾಡಬಹುದಾದ ಫೋನುಗಳು ಅವು. ಮೊದಲು ಅವರು ಮಾಡುತ್ತಿದ್ದ ಕೆಲಸದ ಥರ ಇದು ಕಾಣುವುದಿಲ್ಲ, ರೊಟ್ಟಿಯ ಪರಿಮಳವೂ ಇಲ್ಲ. ಅವರು ಒಪ್ಪಲಿಲ್ಲ, ಸ್ವಲ್ಪ ವಾದವೇ ಆಯಿತು. ಅಜ್ಜಿಯನ್ನು ನೋಡಲು ಹೋಗಬೇಕಿತ್ತು ಅನ್ನೋದು ಅವರ ಮಾತು. ಹೋಗಿ, ಯಾರು ಬೇಡ ಅಂದರು, ಆದರೆ ಶೀಟು ಹೊದಿಸಲು ನೀವೇ ಏಣಿ ಹತ್ತಬೇಡಿ ಅನ್ನೋದು ನನ್ನದು.

ಮಂಡಳಿಯಲ್ಲಿ ಓದಿದ ವರದಿಯಲ್ಲಿ ಅಜ್ಜಿಯ ವಿಷಯ ಇತ್ತು, ಹೆಸರಿಲ್ಲದೆ. ಇತಿಹಾಸ ನಾಲ್ಕು ಸಾಲಿಗೆ ಇಳಿದಿತ್ತು. ಕೊನೆಯಲ್ಲಿ ಎರಡು ಕೋರಿಕೆ ಇಟ್ಟಿದ್ದರು: ಹೊಸದಾಗಿ ಇಂಥ ಜವಾಬ್ದಾರಿಗೆ ಬರುವವರಿಗೆ ಹೊರಗಿನ ಒಬ್ಬ ಹಿರಿಯರ ಸಾಂಗತ್ಯ ಗೊತ್ತುಮಾಡಬೇಕು. ಮಕ್ಕಳು ಎಸ್‌ಎಸ್‌ಎಲ್‌ಸಿ, ಪಿಯುಸಿಯಲ್ಲಿರುವ ವರ್ಷ ಕುಟುಂಬವನ್ನು ಎಬ್ಬಿಸಬಾರದು. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದು ಮಂಡಳಿಯ ಮುಂದಿನ ಮೀಟಿಂಗಿಗೆ ಹೋಗಿದೆ.

ನಿದ್ದೆ ಈಗ ಐದರವರೆಗೆ ಬರುತ್ತದೆ. ಪಟ್ಟಿಯ ಅಂಕ 6ಕ್ಕೆ ಇಳಿದಿದೆ, ಬಿಪಿ ಮಾತ್ರೆ ನಡೆಯುತ್ತಿದೆ. ವಿಶ್ವಾಸದ ಪ್ರಶ್ನೆಯನ್ನು ಅವರು ಆ ನಿವೃತ್ತ ಪಾದ್ರಿಯ ಹತ್ತಿರ ತೆಗೆದುಕೊಂಡು ಹೋಗಿದ್ದಾರೆ. ಅದು ನನ್ನ ಕೆಲಸ ಅಲ್ಲ. ನಿದ್ದೆ ಮತ್ತೆ ಮೂರಕ್ಕೆ ಒಡೆಯತೊಡಗಿದರೆ ಎರಡು ವಾರ ಕಾಯದೆ ಬನ್ನಿ ಅಂತ ಹೇಳಿದ್ದೇನೆ. ರಾತ್ರಿ ಹೊತ್ತು ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಹೆಸರು ಹೇಳಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಅವರು ತಮ್ಮ ಸಭಾಪಾಲಕರ ವಾಟ್ಸಾಪ್ ಗುಂಪಿಗೂ ಹಾಕಿದರಂತೆ. ಮೂವರು ಬೇರೆ ಬೇರೆಯಾಗಿ ಫೋನು ಮಾಡಿ, "ಅಯ್ಯನವರೇ, ಇದು ಯಾರಿಗೆ ಅಂತ ಹಾಕಿದ್ರಿ?" ಅಂತ ಕೇಳಿದರಂತೆ.