ಕ್ಯಾಂಡಿಯಿಂದ ನುವರ ಎಲಿಯಕ್ಕೆ ಒಂದು ದಿನ: ಮೊದಲು ಡ್ರೈವರ್ ಜೊತೆ ಮಾತಾಡಿ

ಪ್ರಶ್ನೆ: ಬರುವ ಫೆಬ್ರವರಿಯಲ್ಲಿ ನಾವು ಐದು ಜನ ಶ್ರೀಲಂಕಾಕ್ಕೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಎಂಟು ವರ್ಷದ ಮಗಳು, ಅಪ್ಪ ಮತ್ತು ಅಮ್ಮ. ಅಪ್ಪನಿಗೆ 72, ಕಾಫಿ ಬೆಳೆಗಾರರು. ಅಮ್ಮನಿಗೆ ಮಂಡಿನೋವು. ಕ್ಯಾಂಡಿಯಲ್ಲಿ ಮೂರು ರಾತ್ರಿ ಇರುತ್ತೇವೆ. ಒಂದು ದಿನ ಗಾಡಿ ಮಾಡಿಕೊಂಡು ಬೆಟ್ಟದ ಕಡೆ ಹೋಗಿ ರಾತ್ರಿಯೊಳಗೆ ವಾಪಸ್ ಬರಬೇಕು. ಹೋಟೆಲಿನವರು ಕಳಿಸಿದ ಪಟ್ಟಿಯಲ್ಲಿ ಪೆರಾದೆನಿಯ ಸಸ್ಯೋದ್ಯಾನ, ಮಸಾಲೆ ತೋಟ, ರಂಬೋಡ ಜಲಪಾತ, ಹನುಮಂತನ ಗುಡಿ, ಟೀ ಫ್ಯಾಕ್ಟರಿ, ನುವರ ಎಲಿಯ, ಸೀತಾ ಅಮ್ಮನ್ ಗುಡಿ, ಹಕ್ಗಲ ತೋಟ, ಕೊನೆಗೆ ಎಲ್ಲ ಎಂಬ ಊರಿನ ಒಂಬತ್ತು ಕಮಾನಿನ ಸೇತುವೆ ಇದೆ. ಒಂದೇ ದಿನದಲ್ಲಿ ಇಷ್ಟೂ ಆಗುತ್ತಾ? ಡ್ರೈವರನ್ನು ನಂಬಬಹುದಾ? (ಓದುಗರು, ಕೊಪ್ಪ)

ಉತ್ತರ: ಆಗಲ್ಲ. ಅರ್ಧ ಪಟ್ಟಿ ಇವತ್ತೇ ಹೊಡೆದುಹಾಕಿ.

ಕ್ಯಾಂಡಿಯಿಂದ ನುವರ ಎಲಿಯಕ್ಕೆ ಸುಮಾರು 77 ಕಿಲೋಮೀಟರ್. ಕೇಳೋಕೆ ಏನೂ ಅಲ್ಲ ಅನ್ನಿಸುತ್ತೆ, ಆದರೆ ಕ್ಯಾಂಡಿ ಇರುವುದು 500 ಮೀಟರ್ ಎತ್ತರದಲ್ಲಿ, ನುವರ ಎಲಿಯ 1,868 ಮೀಟರ್‌ನಲ್ಲಿ. ಅಷ್ಟೂ ಎತ್ತರವನ್ನು ತಿರುವುಗಳಲ್ಲೇ ಹತ್ತಬೇಕು. ಎಲ್ಲೂ ನಿಲ್ಲದೆ ಹೋದರೂ ಎರಡೂವರೆ ಮೂರು ಗಂಟೆ ಬೇಕು. 'ಎಲ್ಲ' ಎಂಬ ಆ ಊರು ಅಲ್ಲಿಂದ ಇನ್ನೂ ಐವತ್ತೈದು ಕಿಲೋಮೀಟರ್ ಆಚೆ, ಅಂದರೆ ಮತ್ತೆ ಎರಡು ಗಂಟೆ. ಬರೀ ಹೋಗುವುದಕ್ಕೇ ಐದು ಗಂಟೆ, ಬರುವುದಕ್ಕೆ ಐದು ಗಂಟೆ. 1921ರ ಆ ಸೇತುವೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಮಂಡಿನೋವಿನ ಅಮ್ಮನನ್ನು ಹತ್ತು ಗಂಟೆ ಗಾಡಿಯಲ್ಲಿ ಕೂರಿಸಿ ಒಂದು ಸೇತುವೆ ತೋರಿಸಬೇಡಿ.

ಪೆರಾದೆನಿಯ ಕ್ಯಾಂಡಿಯ ಪಕ್ಕದಲ್ಲೇ ಇದೆ, ಆರು ಕಿಲೋಮೀಟರ್ ಅಷ್ಟೆ. ಅದನ್ನು ಬೇರೆ ದಿನ ಆರಾಮಾಗಿ ನೋಡಿ, ಅಪ್ಪನಿಗೆ ಎರಡು ಗಂಟೆಯೂ ಸಾಲದು. ಮಸಾಲೆ ತೋಟ ಬೇಡವೇ ಬೇಡ. ಮಲೆನಾಡಿನವರಿಗೆ ಏಲಕ್ಕಿ, ಮೆಣಸು, ಜಾಯಿಕಾಯಿ ತೋರಿಸಿ ಅವರು ಹೊಸದೇನು ಹೇಳಬೇಕು? ಗಿಡ ತೋರಿಸುವುದು ಹತ್ತು ನಿಮಿಷ, ಉಳಿದದ್ದೆಲ್ಲ ಎಣ್ಣೆ, ಲೇಹ್ಯದ ಮಾರಾಟ. ಕರೆದುಕೊಂಡು ಹೋದ ಡ್ರೈವರ್‌ಗೆ ಕಮಿಷನ್ ಇರುತ್ತದೆ. ರತ್ನದ ಅಂಗಡಿ, ಬಾಟಿಕ್ ಅಂಗಡಿ, ಮರದ ಕೆತ್ತನೆ ಅಂಗಡಿಯ ಕಥೆಯೂ ಹೀಗೇ.

ಇದಕ್ಕೆ ಡ್ರೈವರನ್ನು ಬೈಯಲು ನನಗೆ ಮನಸ್ಸಿಲ್ಲ. 2019ರ ಈಸ್ಟರ್ ಬಾಂಬ್ ಸ್ಫೋಟ, ಆಮೇಲೆ ಕೋವಿಡ್, 2022ರಲ್ಲಿ ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ. ಪ್ರವಾಸಿಗರನ್ನೇ ನಂಬಿ ಸಾಲದಲ್ಲಿ ವ್ಯಾನ್ ತೆಗೆದುಕೊಂಡಿದ್ದವರು ಒಂದರ ಹಿಂದೆ ಒಂದು ಪೆಟ್ಟು ತಿಂದಿದ್ದಾರೆ. 2020ರಿಂದ ಸುಮಾರು ಐದು ವರ್ಷ ಆ ದೇಶಕ್ಕೆ ಹೊಸ ಕಾರುಗಳ ಆಮದೇ ನಿಂತಿತ್ತು, ಮತ್ತೆ ಬಿಟ್ಟಿದ್ದು 2025ರಲ್ಲಿ. ಹಾಗಾಗಿ ಹಳೆ ಗಾಡಿಗೂ ಅಲ್ಲಿ ಚಿನ್ನದ ಬೆಲೆ. ಕಮಿಷನ್ ಅವರ ದುಡಿಮೆಯ ಒಂದು ಭಾಗ. ಅದಕ್ಕೇ ಹೇಳುತ್ತಿರುವುದು: ಬಾಡಿಗೆಯನ್ನು ತೀರಾ ಕೆಳಗೆ ಎಳೆಯಬೇಡಿ. ನಾಲ್ಕು ಕಾಸು ಜಾಸ್ತಿ ಕೊಟ್ಟು, "ಅಂಗಡಿ ಒಂದೂ ಬೇಡ, ಮಸಾಲೆ ತೋಟ ಬೇಡ" ಅಂತ ಹಿಂದಿನ ದಿನವೇ ನೇರವಾಗಿ ಹೇಳಿಬಿಡಿ. ಮುಖ ಮುರಿದಂತಾಗುತ್ತದೆ ಅಂತ ಸುಮ್ನೆ ಇದ್ದರೆ ದಾರಿಯಲ್ಲಿ ಇಬ್ಬರಿಗೂ ಕಸಿವಿಸಿ.

ಹಿಂದಿನ ದಿನದ ಮಾತು ಅಂದೆನಲ್ಲ, ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಮುಖ್ಯವಾದದ್ದು ಅದೇ. ನಾನು ಮೊದಲ ಸಲ ಹೋದಾಗ ಬೆಳಿಗ್ಗೆ ಆರಕ್ಕೆ ಗಾಡಿ ಬಂತು. ನಗುಮುಖದ ಹುಡುಗ, ಮಾತು ಸಭ್ಯ. ಪುಸ್ಸೆಲ್ಲಾವ ದಾಟಿ ತಿರುವುಗಳು ಬಿಗಿಯಾಗುತ್ತಿದ್ದಂತೆ ಗಾಡಿ ಒಮ್ಮೆ ಬಲಕ್ಕೆ ಎಳೆಯಿತು, ಎದುರಿಗೆ ಬಸ್ಸು. ಹೇಗೋ ತಪ್ಪಿತು. ನಿಲ್ಲಿಸಿ ಕೇಳಿದರೆ, ಹಿಂದಿನ ರಾತ್ರಿ ಕೊಲಂಬೊ ವಿಮಾನ ನಿಲ್ದಾಣಕ್ಕೆ ಯಾರನ್ನೋ ಬಿಟ್ಟು ಬೆಳಗಿನ ಜಾವ ಮೂರಕ್ಕೆ ವಾಪಸ್ ಬಂದಿದ್ದನಂತೆ. ಕಳಿಸಿದವರಿಗೂ ಅದು ಗೊತ್ತಿತ್ತು. ನಾವು ಅಲ್ಲೇ ಒಂದು ಟೀ ಅಂಗಡಿಯ ಮುಂದೆ ಒಂದೂವರೆ ಗಂಟೆ ಅವನನ್ನು ಮಲಗಿಸಿ, ಆಮೇಲೆ ಹೊರಟೆವು. ಅವತ್ತು ನುವರ ಎಲಿಯದಲ್ಲಿ ಕೆರೆ ಬಿಟ್ಟು ಬೇರೇನೂ ನೋಡಲಿಲ್ಲ. ನನಗೆ ಅದರ ಬೇಜಾರಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಹೋಟೆಲಿನವರ ಜೊತೆ ಮಾತ್ರ ಮಾತಾಡಿ ಮುಗಿಸಬೇಡಿ. ಬರುವ ಡ್ರೈವರ್ ಜೊತೆಗೇ ಹಿಂದಿನ ಸಂಜೆ ಫೋನಿನಲ್ಲಿ ಮಾತಾಡಿ. ಇವತ್ತು ರಾತ್ರಿ ಬೇರೆ ಬಾಡಿಗೆ ಇದೆಯಾ ಅಂತ ಕೇಳಿ. ಇದೆ ಅಂದರೆ ಬೇರೆ ಡ್ರೈವರ್ ಬೇಕು ಅನ್ನಿ. ಪ್ರವಾಸೋದ್ಯಮ ಪ್ರಾಧಿಕಾರ ಕೊಡುವ ಚಾಲಕ-ಮಾರ್ಗದರ್ಶಿ ಲೈಸೆನ್ಸ್ ಇರುವವರೂ ಸಿಗುತ್ತಾರೆ. ಇತಿಹಾಸ, ಜಾಗದ ಬಗ್ಗೆ ಚೆನ್ನಾಗಿ ಹೇಳುತ್ತಾರೆ, ಬಾಡಿಗೆ ಸ್ವಲ್ಪ ಜಾಸ್ತಿ. ನಿಮ್ಮ ಅಪ್ಪನಂಥ ಕುತೂಹಲದವರು ಜೊತೆಗಿದ್ದರೆ ಅದು ದಂಡ ಅಲ್ಲ. ಯಾವ ಗಾಡಿ ಅಂತಲೂ ಕೇಳಿ. ಡ್ರೈವರ್ ಸೇರಿ ಆರು ಜನ, ಹಾಗಾಗಿ ಸಣ್ಣ ಕಾರು ಒಪ್ಪಬೇಡಿ. ಅಲ್ಲಿನವರು ಕೆಡಿಎಚ್ ಅಂತ ಕರೆಯುವ ಟೊಯೋಟಾ ವ್ಯಾನ್ ಸಿಕ್ಕರೆ ಒಳ್ಳೆಯದು, ಆದರೆ ಹತ್ತುವ ಮೆಟ್ಟಿಲು ಎತ್ತರ, ಅಮ್ಮನಿಗಾಗಿ ಒಂದು ಸಣ್ಣ ಸ್ಟೂಲ್ ಇಡಲು ಹೇಳಿ. ಹಿಂದಿನ ಸೀಟಿಗೂ ಬೆಲ್ಟ್ ಇರಬೇಕು. ಬಾಡಿಗೆ ಹೇಳುವಾಗ ಪೆಟ್ರೋಲು, ಪಾರ್ಕಿಂಗ್ ಸೇರಿದೆಯಾ, ಎಷ್ಟು ಗಂಟೆ, ಎಷ್ಟು ಕಿಲೋಮೀಟರ್, ಮೀರಿದರೆ ಎಷ್ಟು ಅನ್ನುವುದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ರೂಪಾಯಿ ಅಂದಾಗ ಯಾರ ರೂಪಾಯಿ ಅಂತಲೂ ಕೇಳಿ! ನಮ್ಮ ಒಂದು ರೂಪಾಯಿಗೆ ಅವರ ಮೂರು ರೂಪಾಯಿಗಿಂತ ಜಾಸ್ತಿ ಬರುತ್ತದೆ.

ಈಗ ದಿನದ ಲೆಕ್ಕ. ಬೆಳಿಗ್ಗೆ ಆರೂವರೆಗೆ ಹೊರಡಿ. ಗಂಪೊಲ ದಾಟಿದ ಮೇಲೆ ಘಾಟಿ ಶುರು. ರಂಬೋಡದಲ್ಲಿ 109 ಮೀಟರ್ ಎತ್ತರದ ಜಲಪಾತ ರಸ್ತೆಯಿಂದಲೇ ಕಾಣುತ್ತದೆ, ಇಳಿದು ನಡೆಯುವ ಅಗತ್ಯ ಇಲ್ಲ. ಚಿನ್ಮಯ ಮಿಷನ್ ಕಟ್ಟಿಸಿದ ಹನುಮಂತನ ಗುಡಿ ಅಲ್ಲೇ ಗುಡ್ಡದ ಮೇಲಿದೆ, ಕೆಳಗೆ ಕೊತ್ಮಲೆ ಜಲಾಶಯ. ಬೆಳಿಗ್ಗೆ ಹೋದರೆ ಮಂಜು ಕಡಿಮೆ. ಆಮೇಲೆ ಲಬುಕೆಲ್ಲಿಯ ಟೀ ಫ್ಯಾಕ್ಟರಿ. ಇಲ್ಲಿ ಒಂದು ಗಂಟೆ ಕೊಡಿ. ಎಲೆಯನ್ನು ಬಾಡಿಸುವುದು, ಉರುಳೆಯಲ್ಲಿ ತಿರುಚುವುದು, ಬಣ್ಣ ತಿರುಗಲು ಹರಡುವುದು, ಒಣಗಿಸುವುದು, ಜರಡಿ ಹಿಡಿಯುವುದು, ಎಲ್ಲ ಕಣ್ಣ ಮುಂದೆಯೇ. ಶೌಚಾಲಯವೂ ಸ್ವಚ್ಛ, ವಯಸ್ಸಾದವರ ಜೊತೆ ಹೋಗುವಾಗ ಇದು ಸಣ್ಣ ವಿಷಯ ಅಲ್ಲ. ಆದರೆ ಭಾನುವಾರ ಮತ್ತು ಪೋಯ ದಿನ, ಅಂದರೆ ಹುಣ್ಣಿಮೆಯ ರಜಾದಿನ, ಸಾಮಾನ್ಯವಾಗಿ ಎಲೆ ಕೀಳುವುದಿಲ್ಲ, ಯಂತ್ರಗಳೂ ಸುಮ್ಮನಿರಬಹುದು. ದಿನ ಆರಿಸುವಾಗ ಕ್ಯಾಲೆಂಡರ್ ನೋಡಿ.

ಅಪ್ಪನಿಗೆ ಒಂದು ಮಾತು ಹೇಳಿ. ಈ ಬೆಟ್ಟಗಳಲ್ಲಿ ಮೊದಲು ಇದ್ದದ್ದು ಚಹಾ ಅಲ್ಲ, ಕಾಫಿ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ತೋಟ ತೋಟವೇ ಹಾಳಾಯಿತು. ಅದಕ್ಕೆ ಎರಡು ವರ್ಷ ಮೊದಲು, 1867ರಲ್ಲಿ ಜೇಮ್ಸ್ ಟೇಲರ್ ಎಂಬಾತ ಲೂಲ್ಕಂದುರದಲ್ಲಿ 19 ಎಕರೆ ಚಹಾ ಹಾಕಿದ್ದ. ಉಳಿದವರೆಲ್ಲ ಅದೇ ದಾರಿ ಹಿಡಿದರು. ಅದೇ ತುಕ್ಕು ರೋಗ ನಮ್ಮ ಕಡೆಗೂ ಬಂತು, ನಿಮ್ಮ ಪಕ್ಕದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಇವತ್ತಿಗೂ ಅದರ ಜೊತೆ ಗುದ್ದಾಡುತ್ತಿದ್ದಾರೆ. ಅಲ್ಲಿ ನಿಂತು ಆ ಗುಡ್ಡಗಳನ್ನು ನೋಡಿದರೆ ನಿಮ್ಮಪ್ಪನಿಗೆ ಕಾಣುವುದೇ ಬೇರೆ.

ನುವರ ಎಲಿಯ ತಲುಪಿದಾಗ ಹನ್ನೊಂದು ಗಂಟೆ. ನೇರ ಐದು ಕಿಲೋಮೀಟರ್ ಮುಂದೆ ಸೀತಾ ಅಮ್ಮನ್ ಗುಡಿಗೆ ಹೋಗಿ. ಸೀತೆ ಇದ್ದ ಅಶೋಕವನ ಇದೇ ಅಂತ ನಂಬಿಕೆ. ಪಕ್ಕದಲ್ಲಿ ಹಳ್ಳ, ಬಂಡೆಯ ಮೇಲಿನ ಗುಂಡಿಗಳನ್ನು ಹನುಮಂತನ ಹೆಜ್ಜೆ ಅನ್ನುತ್ತಾರೆ. 2024ರ ಮೇನಲ್ಲಿ ಕುಂಭಾಭಿಷೇಕ ಆದಾಗ ಅಯೋಧ್ಯೆಯಿಂದ ಸರಯೂ ನೀರು ಬಂದಿತ್ತು. ಗುಡಿ ಚಿಕ್ಕದು, ರಸ್ತೆ ಬದಿಯಲ್ಲೇ ಇದೆ. ಅಮ್ಮ ಅಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂರುತ್ತೇನೆ ಅಂದರೆ ಹಕ್ಗಲ ಬಿಟ್ಟುಬಿಡಿ. ವಾಪಸ್ ಊರಿಗೆ ಬಂದು ಊಟ, ಗ್ರೆಗರಿ ಕೆರೆ ದಂಡೆಯಲ್ಲಿ ಮಗಳಿಗೆ ಓಡಾಡಲು ಒಂದು ಗಂಟೆ, ಕೆಂಪು ಇಟ್ಟಿಗೆಯ ಹಳೆ ಪೋಸ್ಟ್ ಆಫೀಸಿನಿಂದ ಕೊಪ್ಪದ ಮನೆಗೆ ಒಂದು ಕಾರ್ಡ್. ಮೂರು ಗಂಟೆಗೆ ಹೊರಟುಬಿಡಿ. ಮಧ್ಯಾಹ್ನದ ಮೇಲೆ ಮಂಜು, ಮಳೆ ಎರಡೂ ಇಳಿಯುತ್ತವೆ, ಆರೂವರೆ ಹೊತ್ತಿಗೆ ಕತ್ತಲು. 2025ರ ಮೇನಲ್ಲಿ ಇದೇ ಕೊತ್ಮಲೆ ಘಾಟಿಯಲ್ಲಿ ಬೆಳಗಿನ ಜಾವ ಬಸ್ಸು ಪ್ರಪಾತಕ್ಕೆ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹೆದರಿಸಲು ಹೇಳುತ್ತಿಲ್ಲ. ಕತ್ತಲಲ್ಲಿ ಆ ರಸ್ತೆ ಬೇಡ, ಅಷ್ಟೆ.

ಪ್ರಶ್ನೆ: ದಿತ್ವಾ ಚಂಡಮಾರುತದ ಸುದ್ದಿ ಓದಿದ ಮೇಲೆ ಬೆಟ್ಟದ ಕಡೆ ಹೋಗಲು ಭಯ. ಕಾರು ಬಿಟ್ಟು ರೈಲಿನಲ್ಲಿ ಹೋದರೆ? (ಓದುಗರು, ಹುಬ್ಬಳ್ಳಿ)

ಉತ್ತರ: 2025ರ ನವೆಂಬರ್ ಕೊನೆಯ ಆ ಚಂಡಮಾರುತದಲ್ಲಿ ಜಾಸ್ತಿ ನಲುಗಿದ್ದು ಕ್ಯಾಂಡಿ, ನುವರ ಎಲಿಯ, ಬದುಳ್ಳ ಜಿಲ್ಲೆಗಳೇ. ಗುಡ್ಡ ಕುಸಿದು ರಸ್ತೆ, ರೈಲು ಹಳಿ ಎರಡೂ ಹಾಳಾದವು. ಹಾಗಾಗಿ ರೈಲು ಓಡುತ್ತಿದೆಯಾ, ಎಲ್ಲಿಯವರೆಗೆ ಅಂತ ಆ ವಾರವೇ ಕೇಳಿ ಟಿಕೆಟ್ ಮಾಡಿಸಿ. ಹಳೆ ವೇಳಾಪಟ್ಟಿ ನಂಬಬೇಡಿ. ರೈಲು ಇದ್ದರೆ ಕ್ಯಾಂಡಿಯಿಂದ 'ನಾನುಓಯ' ಎಂಬ ಸ್ಟೇಷನ್ನಿಗೆ ಸುಮಾರು ನಾಲ್ಕು ಗಂಟೆ, ನುವರ ಎಲಿಯದ ಸ್ಟೇಷನ್ ಅದೇ, ಊರಿನಿಂದ ಎಂಟು ಕಿಲೋಮೀಟರ್. ಡ್ರೈವರ್ ಖಾಲಿ ಗಾಡಿ ತಂದು ಅಲ್ಲಿ ಕಾಯಲಿ, ಬರುವಾಗ ರಸ್ತೆಯಲ್ಲಿ ಬನ್ನಿ. ರಸ್ತೆಯ ಮಟ್ಟಿಗೆ ಹೇಳುವುದಾದರೆ, ಜನವರಿಯಿಂದ ಮಾರ್ಚ್ ತನಕ ಮಳೆ ಕಡಿಮೆ. ಭೂಕುಸಿತದ ಎಚ್ಚರಿಕೆಯನ್ನು ಅಲ್ಲಿನ ರಾಷ್ಟ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಕೊಡುತ್ತದೆ. ಆ ದಾರಿಗೆ ಎಚ್ಚರಿಕೆ ಇದ್ದ ದಿನ ಡ್ರೈವರ್ "ಪರವಾಗಿಲ್ಲ, ಹೋಗೋಣ" ಅಂದರೂ ನೀವು ಹೋಗಬೇಡಿ. ಬಾಡಿಗೆ ಹೋಗುತ್ತೆ ಅನ್ನುವ ಚಿಂತೆಯಿಂದ ಅವರು ಹಾಗೆ ಅನ್ನುವುದುಂಟು. ಅರ್ಧ ಬಾಡಿಗೆ ಕೊಟ್ಟು ದಿನ ಬದಲಾಯಿಸಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ದಾರಿಯಲ್ಲಿ ಊಟ ಸಿಗುತ್ತಾ? (ಓದುಗರು, ಶಿರಸಿ)

ಉತ್ತರ: ಸಿಗುತ್ತೆ. ಅನ್ನ, ಪರಿಪ್ಪು ಅಂದರೆ ತೊವ್ವೆ, ಹಲಸಿನ ಗುಜ್ಜೆ ಪಲ್ಯ, ನಮ್ಮ ಒತ್ತುಶ್ಯಾವಿಗೆಯ ತಮ್ಮನಂಥ ಇಡಿಯಪ್ಪ. ಮೋಸ ಹೋಗುವುದು ತೆಂಗಿನಕಾಯಿ ಚಟ್ನಿಯಂತೆ ಕಾಣುವ ಪೊಲ್ ಸಂಬೋಲದಲ್ಲಿ. ಅದಕ್ಕೆ ಉಂಬಲಕಡ ಎಂಬ ಒಣಮೀನಿನ ಪುಡಿ ಹಾಕುವ ರೂಢಿ ಇದೆ, ಪಲ್ಯಕ್ಕೂ ಬೀಳಬಹುದು. "ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ" ಅನ್ನಿ. ಮಾಂಸ ಬೇಡ, ಮೀನು ಬೇಡ, ಆ ಪುಡಿಯೂ ಬೇಡ ಅಂತ. ತಮಿಳರು ನಡೆಸುವ 'ಸೈವ ಕಡೈ', ಅಂದರೆ ಸಸ್ಯಾಹಾರಿ ಹೋಟೆಲುಗಳಲ್ಲಿ ಈ ತಾಪತ್ರಯ ಇಲ್ಲ, ಇಡ್ಲಿ ದೋಸೆಯೂ ಇರುತ್ತೆ. ಡ್ರೈವರ್ ತಾನಾಗಿ ನಿಲ್ಲಿಸುವುದು ಪ್ರವಾಸಿಗರ ಬಫೆ ಹೋಟೆಲಿನಲ್ಲಿ, ಅಲ್ಲಿ ಅವರಿಗೆ ಊಟ ಉಚಿತ. ನೀವು ಸೈವ ಹೋಟೆಲಿಗೆ ಹೋಗುವುದಾದರೆ ಅವರ ಊಟದ ದುಡ್ಡು ನೀವೇ ಕೊಡಿ, ಒಪ್ಪಿದರೆ ಜೊತೆಗೇ ಕೂರಿಸಿಕೊಳ್ಳಿ.

ಪ್ರಶ್ನೆ: ಟೀ ಎಲೆ ಕೀಳುವ ಹೆಂಗಸರ ಜೊತೆ ಫೋಟೊ ತೆಗೆಸಿಕೊಳ್ಳಬಹುದಾ? (ಓದುಗರು, ಮೈಸೂರು)

ಉತ್ತರ: ಕೇಳಿ ತೆಗೆಸಿಕೊಳ್ಳಿ. ಬೇಡ ಅಂದರೆ ಅಲ್ಲಿಗೆ ಬಿಡಿ. ಅವರು ಎಲೆಯ ತೂಕದ ಮೇಲೆ ಕೂಲಿ ನಿರ್ಧಾರವಾಗುವ ಕೆಲಸದಲ್ಲಿದ್ದಾರೆ, ನಿಮ್ಮ ಹತ್ತು ನಿಮಿಷಕ್ಕೂ ಬೆಲೆ ಇದೆ. ಹೆಚ್ಚಿನವರು ತಮಿಳರು, ಬ್ರಿಟಿಷರು ಕಾಫಿ, ಚಹಾ ತೋಟಗಳಿಗೆ ಕರೆತಂದ ಕೂಲಿಗಳ ಮೊಮ್ಮಕ್ಕಳು, ಮರಿಮಕ್ಕಳು. 1948ರ ಕಾನೂನು ಇವರಲ್ಲಿ ಬಹಳ ಜನರಿಗೆ ಪೌರತ್ವವನ್ನೇ ಇಲ್ಲ ಮಾಡಿತು. 1964ರಲ್ಲಿ ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡು ಲಕ್ಷಾಂತರ ಜನರನ್ನು ಭಾರತಕ್ಕೆ ಕಳಿಸುವುದೆಂದಾಯಿತು. ಹಾಗೆ ಬಂದ ಕೆಲವು ಕುಟುಂಬಗಳೇ ನಮ್ಮ ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಇವತ್ತೂ ಇವೆ. ನಿಮಗೆ ನಾಲ್ಕು ಮಾತು ತಮಿಳು ಬರುತ್ತಿದ್ದರೆ ಫೋಟೊಗಿಂತ ಮೊದಲು ಮಾತಾಡಿ. ನಾನು ಸುಳ್ಯದ ಹೆಸರು ಹೇಳಿದಾಗ ಒಬ್ಬ ಅಜ್ಜಿ ಬುಟ್ಟಿ ಕೆಳಗಿಟ್ಟು, ತಮ್ಮ ಚಿಕ್ಕಪ್ಪನ ಮನೆಯವರು ಆ ಕಡೆ ಹೋದವರು ಮತ್ತೆ ಸಿಗಲೇ ಇಲ್ಲ ಅಂದರು. ಆಮೇಲೆ ನನಗೆ ಫೋಟೊ ಕೇಳಲು ಬಾಯಿ ಬರಲಿಲ್ಲ.

ಪ್ರಶ್ನೆ: ಟಿಪ್ಸ್ ಎಷ್ಟು? ಸ್ವೆಟರ್ ಬೇಕಾ? (ಓದುಗರು, ಬೆಂಗಳೂರು)

ಉತ್ತರ: ಬಾಡಿಗೆಯ ಹತ್ತರಲ್ಲಿ ಒಂದು ಭಾಗ ಕೊಟ್ಟರೆ ಖುಷಿಯಾಗುತ್ತಾರೆ. ನೋಟನ್ನು ಡ್ರೈವರ್ ಕೈಗೇ ಕೊಡಿ, ಹೋಟೆಲ್ ಕೌಂಟರಿನಲ್ಲಿ ಬೇಡ. ಸಿಂಹಳದಲ್ಲಿ ಅಣ್ಣನಿಗೆ ಅಯ್ಯಾ ಅನ್ನುತ್ತಾರೆ, ತಮ್ಮನಿಗೆ ಮಲ್ಲಿ. ಹಾಗೆ ಕರೆದು "ಸ್ತೂತಿ" ಅಂದರೆ ಧನ್ಯವಾದ ಹೇಳಿದಂತೆ. ಸ್ವೆಟರ್ ಬೇಕೇ ಬೇಕು. ಕ್ಯಾಂಡಿಯಲ್ಲಿ ಬೆವರುತ್ತಾ ಹತ್ತಿದವರು ಲಬುಕೆಲ್ಲಿಯಲ್ಲಿ ನಡುಗುತ್ತಾ ಇಳಿಯುತ್ತಾರೆ, ಆಗ ಸ್ವೆಟರ್ ಡಿಕ್ಕಿಯ ತಳದಲ್ಲಿ ಇರುತ್ತೆ. ಕೈಚೀಲದಲ್ಲೇ ಇಟ್ಟುಕೊಳ್ಳಿ. ತಿರುವಿಗೆ ವಾಂತಿ ಬರುವ ಮಕ್ಕಳಿದ್ದರೆ ಊರಿನಲ್ಲೇ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಂಡು ಹೋಗಿ, ಹೊರಡುವ ಮುಂಚೆ ಹೊಟ್ಟೆ ತುಂಬಾ ತಿನ್ನಿಸಬೇಡಿ.