ಬಡ ಶಾಲೆ, ಭಾರಿ ಫಲಿತಾಂಶ: ನಂಬುವುದೆಷ್ಟು?

ಪ್ರಶ್ನೆ: ಬಿ.ಎಡ್. ತರಗತಿಯಲ್ಲಿ ಅಮೆರಿಕದ '90/90/90 ಶಾಲೆ'ಗಳ ಬಗ್ಗೆ ಹೇಳಿದರು. ಶೇ. 90 ಬಡ ಮಕ್ಕಳು, ಶೇ. 90 ಕಪ್ಪುವರ್ಣೀಯ, ಲ್ಯಾಟಿನೊ ಮೊದಲಾದ ಅಲ್ಪಸಂಖ್ಯಾತ ಜನಾಂಗದವರು, ಆದರೂ ಶೇ. 90 ಪಾಸು! ನಂಬಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಸುಳ್ಳೆಂದು ತಳ್ಳಬೇಡಿ, ಲೆಕ್ಕ ಕೇಳದೆ ಒಪ್ಪಲೂಬೇಡಿ. 1990ರ ದಶಕದಲ್ಲಿ ಅಮೆರಿಕದ ಮಿಲ್ವಾಕಿ ನಗರದ ಶಾಲೆಗಳನ್ನು ನೋಡಿ ಶಿಕ್ಷಣ ಸಂಶೋಧಕ ಡಗ್ಲಾಸ್ ರೀವ್ಸ್ ಇವುಗಳಿಗೆ ಕೊಟ್ಟ ವ್ಯಾಖ್ಯೆಯನ್ನೇ ಓದಿ: ಓದುವಿಕೆ 'ಅಥವಾ ಇನ್ನೊಂದು ವಿಷಯ'ದಲ್ಲಿ ಶೇ. 90 ಮಕ್ಕಳು ನಿಗದಿತ ಮಟ್ಟ ಮುಟ್ಟಿರಬೇಕು. ಕಣ್ಣಿಡಬೇಕಾದ್ದು ಆ 'ಅಥವಾ' ಮೇಲೆ. ಓದಿನಲ್ಲಿ ಗೆದ್ದು ಗಣಿತದಲ್ಲಿ ಮುಗ್ಗರಿಸಿದ ಶಾಲೆಗೂ ಅಲ್ಲಿ ಜಾಗವಿದೆ.

2001ರಲ್ಲಿ ಎಜುಕೇಶನ್ ಟ್ರಸ್ಟ್ ಸಂಸ್ಥೆ ಇಂಥದೇ 4,577 ಶಾಲೆಗಳ ಪಟ್ಟಿ ಕೊಟ್ಟಿತು. ಒಂದು ವರ್ಷ, ಒಂದು ತರಗತಿ, ಒಂದು ವಿಷಯದಲ್ಲಿ ರಾಜ್ಯದ ಮೇಲಿನ ಮೂರನೇ ಒಂದು ಭಾಗದಲ್ಲಿದ್ದರೆ ಸಾಕಿತ್ತು. ಅರ್ಥಶಾಸ್ತ್ರಜ್ಞ ಡಗ್ಲಾಸ್ ಹ್ಯಾರಿಸ್ ಎರಡು ವರ್ಷ, ಎರಡು ತರಗತಿ, ಎರಡು ವಿಷಯ ಎಂದು ಜರಡಿ ಬಿಗಿ ಮಾಡಿದರು. ಬಡ ಶಾಲೆಗಳಲ್ಲಿ ಉಳಿದದ್ದು ಶೇ. 1.1.

ಅಷ್ಟೊಂದು ಉದುರಿದ್ದೇಕೆ? ತರಗತಿಯಲ್ಲಿ 25 ಮಕ್ಕಳಿದ್ದರೆ ಒಂದೊಂದು ಮಗುವಿನ ತೂಕ ಶೇ. 4. ಒಂದು ವರ್ಷ ನಾಲ್ಕು ಚುರುಕು ಮಕ್ಕಳು ಹೆಚ್ಚಿಗೆ ಬಂದರೆ ಫಲಿತಾಂಶ 16 ಅಂಶ ಏರುತ್ತದೆ. ಅವರು ಮುಂದಿನ ತರಗತಿಗೆ ಹೋದರೆ ಅಷ್ಟೇ ಇಳಿಯುತ್ತದೆ. ಮೇಷ್ಟ್ರು ಅವರೇ, ಪಾಠವೂ ಅದೇ. ಆದ್ದರಿಂದ ಮೂರು ವರ್ಷದ ಅಂಕಿಗಳನ್ನು ಕೂಡಿಸಿ ನೋಡಿ. ದಾಖಲಾದವರೆಷ್ಟು, ಪರೀಕ್ಷೆಗೆ ಕೂತವರೆಷ್ಟು ಎಂಬುದನ್ನೂ ಕೇಳಿ.

ಪಾಸಿನ ಗೆರೆ ಎಳೆಯುವುದು ಆಯಾ ರಾಜ್ಯ. 2005ರಲ್ಲಿ ಮಿಸಿಸಿಪ್ಪಿಯ 4ನೇ ತರಗತಿಯವರಲ್ಲಿ ಶೇ. 89 ಮಂದಿ ರಾಜ್ಯದ ಓದು ಪರೀಕ್ಷೆಯಲ್ಲಿ 'ಪ್ರವೀಣ'ರು. ರಾಷ್ಟ್ರೀಯ ಪರೀಕ್ಷೆಯಲ್ಲಿ ಶೇ. 18. ರಾಷ್ಟ್ರೀಯ ಗೆರೆ ಬಿಗಿ, ನಿಜ. ಆದರೂ 71 ಅಂಶದ ಕಂದಕ!

ಇನ್ನು ಅಟ್ಲಾಂಟ ನಗರ. ಅಲ್ಲಿ ಉತ್ತರ ಪತ್ರಿಕೆಗಳಲ್ಲಿ ತಪ್ಪನ್ನು ಅಳಿಸಿ ಸರಿ ಮಾಡಿದ ಗುರುತುಗಳನ್ನು ಯಂತ್ರ ಎಣಿಸಿತು. ತನಿಖೆ ನಡೆದ 56 ಶಾಲೆಗಳ ಪೈಕಿ 44ರಲ್ಲಿ ಶಾಲೆಯವರಿಂದಲೇ ಅಕ್ರಮ ನಡೆದಿತ್ತೆಂದು 2011ರ ವರದಿ ಹೇಳಿತು.

ಪ್ರಶ್ನೆ: 'ಬಡ ಮಗು' ಎಂದು ಎಣಿಸುವುದು ಹೇಗೆ?

ಉತ್ತರ: ಬಹುತೇಕ ಮಧ್ಯಾಹ್ನದ ಊಟದ ಅರ್ಜಿಯಿಂದ. ಕುಟುಂಬದ ಆದಾಯ ಅಲ್ಲಿನ ಬಡತನ ರೇಖೆಯ ಶೇ. 130ರೊಳಗಿದ್ದರೆ ಊಟ ಉಚಿತ, 185ರೊಳಗಿದ್ದರೆ ರಿಯಾಯಿತಿ. ಎರಡೂ ಒಂದೇ ಲೆಕ್ಕಕ್ಕೆ. ಹಾಗಾಗಿ ವಿಶ್ವವಿದ್ಯಾಲಯದ ಪಕ್ಕದ ಶಾಲೆಯಲ್ಲಿ, ಇಲ್ಲಿಂದ ಪಿಎಚ್‌.ಡಿ.ಗೆ ಹೋದ ದಂಪತಿಯ ಮಗುವೂ 'ಬಡ ಮಗು' ಆಗಿಬಿಡಬಹುದು. ಮನೆ ತುಂಬ ಪುಸ್ತಕವಿದ್ದರೂ! 2014ರಿಂದ ದೇಶದ ಎಲ್ಲೆಡೆ, ಅರ್ಹ ಶಾಲೆಗಳು ಅರ್ಜಿಯೇ ಇಲ್ಲದೆ ಎಲ್ಲರಿಗೂ ಉಚಿತ ಊಟ ಕೊಡಬಹುದು. ಅಂಥ ಕಡೆ ಕಾಗದದ ಮೇಲೆ ಶೇ. 100 ಬಡತನ ಕಂಡರೆ, ಅದು ಊಟದ ಲೆಕ್ಕ, ಮನೆಯ ಲೆಕ್ಕವಲ್ಲ.